ನೈದಿಲೆ ಗೆಡ್ಡೆ

ಲೋಕುಬಂಡಣ್ಣನಿಗೆ ಮೊದಲು ಊದಿದ್ದು ಕಾಲು. ಸುಗ್ಗಿಯ ಕಾಲ. ಕಣದಿಂದ ಬಂದವನು ಕೆರೆ ಏರಿಯ ಮೇಲಿರುವ ನನ್ನ ಚಹಾದಂಗಡಿಯ ಬೆಂಚಿನಲ್ಲಿ ಕೂತು, ಹರಡಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಒತ್ತಿದ ಕಡೆ ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ನಿಂತಿತು.

"ನೋಡು ತಂಗಿ, ಹಲಸಿನಹಣ್ಣಾಗಿದೀನಿ," ಅಂದ. "ಒತ್ತಿ ನೋಡಿದ್ರೆ ಸಾಕು, ಹಣ್ಣಾಗಿದೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

ನನಗೆ ನಗು ಬರಲಿಲ್ಲ. ನಮ್ಮ ಹೀನ್‌ಗಲ್‌ವೆವ ಊರಿನಲ್ಲಿ ಆ ಗುಳಿಯ ಅರ್ಥ ತಿಳಿಯದವರು ಯಾರೂ ಇಲ್ಲ. ಒಂದು ಮನೆಯ ಬೀದಿಗೆ ಕಟ್ಟಿದ ಸಾವಿನ ಬಿಳಿ ಬಾವುಟ ಬಿಚ್ಚುವಷ್ಟರಲ್ಲಿ ಇನ್ನೊಂದು ಮನೆಯವರು ಅದನ್ನೇ ಕೇಳಿಕೊಂಡು ಬರುತ್ತಿದ್ದ ವರ್ಷಗಳು ಅವು. ಗದ್ದೆಯಲ್ಲಿ ಕೋಣನ ಹಾಗೆ ದುಡಿಯುತ್ತಿದ್ದ ಗಂಡಸರು ಸೊಂಟ ನೋವು ಅನ್ನುವುದು, ಕಾಲು ಊದುವುದು, ಆಮೇಲೆ ಪಟ್ಟಣದ ಆಸ್ಪತ್ರೆ, ರಕ್ತ ತೊಳೆಯುವ ಯಂತ್ರ, ಆಮೇಲೆ ಬಾವುಟ. ಕಿಡ್ನಿ ಕೆಟ್ಟಿದೆ ಅಂತ ಡಾಕ್ಟರುಗಳು ಹೇಳುತ್ತಿದ್ದರು. ಯಾಕೆ ಕೆಟ್ಟಿತು ಅಂತ ಕೇಳಿದರೆ ಗೋಡೆ ನೋಡುತ್ತಿದ್ದರು.

ಲೋಕುಬಂಡಣ್ಣನ ಹೆಂಡತಿ ಪೊಡಿಮೆನಿಕೆಯನ್ನು ನಾನು ಅಕ್ಕ ಅನ್ನುವುದು. ವಿಹಾರಕ್ಕೆ ಹೂವು ಕೊಡುವ ಮನೆ ಅವರದು. ಪ್ರತಿ ಹುಣ್ಣಿಮೆಗೂ ಬುದ್ಧನ ಮುಂದೆ ಮೊದಲು ಇಡುವ ನೀಲಿ ಮಾನೆಲ್, ಅಂದರೆ ನೈದಿಲೆ, ಅವರ ದೋಣಿಯಿಂದಲೇ ಬರಬೇಕು. ಅತ್ತೆಯಿಂದ ಸೊಸೆಗೆ ಬಂದ ಕೆಲಸ. ಬೆಳಗಿನ ಬಿಸಿಲು ಏರುವ ಮೊದಲು ದೋಣಿ ತಳ್ಳಿಕೊಂಡು ಹೋಗಿ, ಮೊಸಳೆ ಮಲಗುವ ಕಡೆ ಬಿಟ್ಟು ಮಿಕ್ಕ ಕಡೆಯೆಲ್ಲ ಕಿತ್ತು, ದಂಟು ಮಡಚಿ ಕಟ್ಟಿ, ಏರಿಯ ಮೇಲೆ ಕೂತು ಹೊರಗಿನ ಹಸಿರು ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸುತ್ತಿದ್ದಳು. ಮುಚ್ಚಿದ ಹೂವನ್ನು ಬುದ್ಧನಿಗೆ ಇಡಬಾರದು. ಹೂವು ಬಾಡಿದ ಹಾಗೆ ಮೈಯೂ ಬಾಡುತ್ತದೆ ಅಂತ ಹೇಳಿಕೊಂಡೇ ಅರ್ಪಿಸುವುದು ನಮ್ಮಲ್ಲಿ.

ಹೂವಿನ ಜೊತೆಗೆ ಗೆಡ್ಡೆಯೂ ಬರುತ್ತಿತ್ತು. ಕೆಸರಿನಲ್ಲಿ ಕಾಲಿನಿಂದ ತಡಕಿ ಕೀಳುವ ಸಣ್ಣ ಗೆಡ್ಡೆ. ಬೇಯಿಸಿ, ಸಿಪ್ಪೆ ಸುಲಿದು, ತೆಂಗಿನ ತುರಿ ಉಪ್ಪು ಹಾಕಿ ತಿಂದರೆ ರಾಗಿ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ನಮ್ಮ ಹಳ್ಳಿವೈದ್ಯ ಉಕ್ಕುರಾಳ ಅದನ್ನು ಉರಿಮೂತ್ರಕ್ಕೆ, ಮೈಯುರಿಗೆ ಕೊಡುತ್ತಿದ್ದ. ಲೋಕುಬಂಡಣ್ಣನ ಕಾಲು ಊದಿದ ಮೇಲೂ ಅದನ್ನೇ ಹೇಳಿದ. ಗೆಡ್ಡೆ ಅರೆದು ಹಾಲುಗಂಜಿಯಲ್ಲಿ ಕುದಿಸಿ ಬೆಳಿಗ್ಗೆ ಸಂಜೆ. ಅಕ್ಕ ಒಂದು ಹೊತ್ತೂ ತಪ್ಪಿಸಲಿಲ್ಲ. ಸ್ವಲ್ಪ ದಿನ ಊತ ಇಳಿದ ಹಾಗೂ ಕಂಡಿತು.

ಆ ಹೊತ್ತಿಗೇ ಇನೋಕಾ ಮಿಸ್ ಬಂದಿದ್ದು. ಕಾಯಿಲೆಯ ಕಾರಣ ಹುಡುಕುತ್ತಿದ್ದ ವಿಶ್ವವಿದ್ಯಾಲಯದವರು. ಜೀಪಿನಲ್ಲಿ ಬಂದರೂ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡೇ ನನ್ನ ಅಂಗಡಿಗೆ ನುಗ್ಗುತ್ತಿದ್ದರು. ಬಾವಿ ನೀರು, ಕೆರೆ ನೀರು, ಅಕ್ಕಿ, ಮೀನು, ಎಲ್ಲವನ್ನೂ ಡಬ್ಬಿಗೆ ತುಂಬುತ್ತಿದ್ದರು. ಒಂದು ದಿನ ಅಕ್ಕ ಗೆಡ್ಡೆಯ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಣ್ಣ.

"ಅಕ್ಕಾ, ಇದನ್ನ ವಾರಕ್ಕೆ ಎಷ್ಟು ಸಲ ತಿಂತೀರಿ?" ಅಂತ ಮಿಸ್ ಕೇಳಿದರು.

"ವಾರ ಯಾರು ನೋಡ್ತಾರೆ ಮಿಸ್, ಸಿಕ್ಕಾಗ ತಿನ್ನೋದು. ಹೂವು ಬುದ್ಧನಿಗೆ, ದಂಟು ಪಲ್ಯಕ್ಕೆ, ಗೆಡ್ಡೆ ಇವರಿಗೆ."

"ಮತ್ತೆ ನಿಮಗೆ?"

"ಅದನ್ನ ತೊಳೆದ ನೀರು."

ಮಿಸ್ ನಕ್ಕರು. ಆಮೇಲೆ ಅಣ್ಣನ ಕಾಲು ನೋಡಿ ನಗು ನಿಲ್ಲಿಸಿದರು. ಗಂಜಿಯ ವಿಷಯ ಕೇಳಿಕೊಂಡು, "ಇದರ ಮೇಲೆ ಪರೀಕ್ಷೆಗಳು ನಡೆದಿವೆ ಅಣ್ಣ," ಅಂದರು. "ಇಲಿಗಳಿಗೆ ಕೊಟ್ಟು ನೋಡಿದಾರೆ. ಸಕ್ಕರೆ ಕಾಯಿಲೆಗೆ ಒಂದಿಷ್ಟು ಗುಣ ಕಂಡಿದೆ ಅಂತಾರೆ. ಮನುಷ್ಯರಿಗೆ ಕೊಟ್ಟು ಸರಿಯಾಗಿ ನೋಡಿದೋರು ಕಡಿಮೆ."

"ಹಂಗಾದ್ರೆ ನಾನೇ ಮೊದಲನೇ ಇಲಿ," ಅಂದ ಅಣ್ಣ. "ಬಾಲ ಒಂದು ಇಲ್ಲ ಅಷ್ಟೆ."

ಮಿಸ್ ಒಂದು ಹಿಡಿ ಗೆಡ್ಡೆ ಕೇಳಿ ತಗೊಂಡು ಹೋದರು.

ಮತ್ತೆ ಬಂದಾಗ ಮಳೆಗಾಲ ಮುಗಿದಿತ್ತು. ವಿಹಾರದ ಪ್ರವಚನ ಮಂಟಪದಲ್ಲಿ ಊರವರನ್ನೆಲ್ಲ ಸೇರಿಸಿದರು. ದೊಡ್ಡ ಸ್ವಾಮಿಗಳು ಒಂದು ಪಕ್ಕದಲ್ಲಿ ಕೂತಿದ್ದರು. ಮಿಸ್ ಗಂಟಲು ಸರಿಮಾಡಿಕೊಂಡು ಹೇಳಿದ್ದು ಇಷ್ಟು: ನಮ್ಮ ಕೆರೆಯ ನೈದಿಲೆ ಗೆಡ್ಡೆಯಲ್ಲಿ ಕ್ಯಾಡ್ಮಿಯಂ ಅನ್ನುವ ಲೋಹ ಇದೆ. ಇರಬೇಕಾದದ್ದಕ್ಕಿಂತ ಹೆಚ್ಚಿದೆ. ಅದು ಮೈಗೆ ಹೋದರೆ ಕಿಡ್ನಿಯಲ್ಲಿ ಕೂರುತ್ತದೆ. ಕಾಯಿಲೆಗೆ ಇದೇ ಕಾರಣ ಅಂತ ಹೇಳುವುದಕ್ಕೆ ಬರುವುದಿಲ್ಲ. ಆದರೂ ಗೊತ್ತಾಗುವ ತನಕ ಗೆಡ್ಡೆ ತಿನ್ನಬೇಡಿ.

ಆ 'ಹೇಳುವುದಕ್ಕೆ ಬರುವುದಿಲ್ಲ' ಅನ್ನುವ ಮಾತು ಮಂಟಪದ ಬಾಗಿಲು ದಾಟಲಿಲ್ಲ. ಜನಕ್ಕೆ ಒಂದು ಹೆಸರು ಬೇಕಿತ್ತು. ಸಿಕ್ಕಿತು.

ಮೊದಲು ಎದ್ದವನು ಉಕ್ಕುರಾಳ. "ನಾನು ಹಲ್ಲು ಬಂದಾಗಿಂದ ತಿಂತಾ ಇದೀನಿ, ಹಲ್ಲು ಬಿದ್ದ ಮೇಲೂ ತಿಂತಾ ಇದೀನಿ. ನನಗೇನಾಗಿದೆ?"

"ನಿಮಗೆ ಏನೂ ಆಗಿಲ್ಲ ತಾತ, ಸಂತೋಷ," ಅಂದರು ಮಿಸ್. "ಬೀಡಿ ಸೇದಿ ತೊಂಬತ್ತು ಬದುಕಿದೋರೂ ಇದಾರೆ. ಒಬ್ಬರನ್ನ ನೋಡಿ ಹೇಳೋಕಾಗಲ್ಲ."

ಉಕ್ಕುರಾಳ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಗ ರೈತಸಂಘದ ಅಧ್ಯಕ್ಷ ವಿಮಲದಾಸ ಎದ್ದ. ಅವನ ಮಗ ತಿಲಕ ಹಿಂದಿನ ವರ್ಷ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದ. ಮದುವೆಗೆ ಹುಡುಗಿ ನೋಡಿಟ್ಟಿದ್ದರು.

"ತಿಲಕ ಲೋಕುಬಂಡನ ಗದ್ದೆಗೆ ಕೆಲಸಕ್ಕೆ ಹೋಗ್ತಿದ್ದ," ಅಂದ. ದನಿ ಎತ್ತಲಿಲ್ಲ. ಮಿಸ್ ಕಡೆಗೂ ನೋಡಲಿಲ್ಲ, ಹೆಂಗಸರ ಸಾಲಿನಲ್ಲಿದ್ದ ಅಕ್ಕನ ಕಡೆ ನೋಡಿದ. "ಮಧ್ಯಾಹ್ನದ ಊಟ ಅಲ್ಲೇ. ಮನೆಗೆ ಬಂದು ಅವರಮ್ಮನ ಹತ್ರ ಹೇಳೋನು, ಪೊಡಿಮೆನಿಕೆ ಅತ್ತೆ ಮಾಡೋ ಗೆಡ್ಡೆ ಹಂಗೆ ನಿನಗೆ ಬರಲ್ಲ ಅಂತ."

ಸ್ವಾಮಿಗಳು, "ವಿಮಲದಾಸ, ಕೂತ್ಕೋ," ಅಂದರು. ಅವನು ಕೂತ. ಅಕ್ಕನ ಆ ಕಡೆ ಈ ಕಡೆ ಕೂತಿದ್ದ ಹೆಂಗಸರು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಸ್ವಲ್ಪ ಸ್ವಲ್ಪ ಸರಿದರು.

ಅವತ್ತು ನಾನೇ ಅವಳನ್ನು ಮನೆಗೆ ಕರೆದುಕೊಂಡು ಹೋದೆ. ಅಣ್ಣ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಸುದ್ದಿ ನಮಗಿಂತ ಮೊದಲೇ ಬಂದು ಮುಟ್ಟಿತ್ತು.

"ಬಾ," ಅಂದ. "ಮದುವೆಯಾದ ದಿನದಿಂದ ನೋಡ್ತಿದೀನಿ, ನನ್ನ ಸಾಯಿಸಬೇಕು ಅಂತ ನಿನಗೊಂದು ಆಸೆ. ಇಷ್ಟು ನಿಧಾನ ಮಾಡೋದಾ?"

ಅವನು ಹಾಗೆ ತಮಾಷೆ ಮಾಡಿಯೇ ಅವಳನ್ನು ನಗಿಸಿ ಇಷ್ಟು ವರ್ಷ ಸಂಸಾರ ಮಾಡಿದ್ದವನು. ಅವಳು ಒಳಗೆ ಹೋದಳು. ಒಲೆಯ ಮೇಲಿದ್ದ ಗಂಜಿಯ ಮಡಕೆ ಎತ್ತಿಕೊಂಡು ಹೋಗಿ ಹಿತ್ತಲಿನ ಬಾಳೆಬುಡಕ್ಕೆ ಸುರಿದಳು. ಮಡಕೆಯನ್ನೂ ಕಲ್ಲಿಗೆ ಅಪ್ಪಳಿಸಿದಳು. ಆಮೇಲೆ ಕೈ ತೊಳೆಯುತ್ತಾ ಕೂತವಳು ಏಳಲೇ ಇಲ್ಲ. ನಾನು ಹೋಗಿ ಚೊಂಬು ಕಿತ್ತುಕೊಳ್ಳಬೇಕಾಯಿತು.

"ಮಿಸ್ ಹಂಗೆ ಹೇಳಿಲ್ಲ ಅಕ್ಕ," ಅಂದೆ. "ಕಾರಣ ಅಂತ ಹೇಳಿಲ್ಲ."

"ಅಲ್ಲ ಅಂತ ಹೇಳಿದ್ರಾ?"

ಅವತ್ತಿನಿಂದ ಆ ಮನೆಯಲ್ಲಿ ಒಲೆ ಹತ್ತಲಿಲ್ಲ. ಅನ್ನ ಬೇಯಿಸಲು ಕೂತರೆ ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ನನ್ನ ಅಂಗಡಿಯಿಂದಲೇ ಬುತ್ತಿ ಹೋಗುತ್ತಿತ್ತು, ಡಾಕ್ಟರು ಹೇಳಿದ ಹಾಗೆ ಉಪ್ಪಿಲ್ಲದ್ದು.

ಆಸ್ಪತ್ರೆಯ ಓಡಾಟದಲ್ಲಿ ಅಣ್ಣ ಕರಗಿದ. ಯಂತ್ರಕ್ಕೆ ಹಾಕಿ ತಂದ ದಿನ ಒದ್ದೆ ಬಟ್ಟೆ ಹಿಂಡಿ ಎಸೆದ ಹಾಗೆ ಬಿದ್ದಿರುತ್ತಿದ್ದ. ಅವನ ಅಕ್ಕ ಡಿಂಗಿರಿಅಮ್ಮ ಪಕ್ಕದ ಊರಿನವಳು. ಬಂದು ನೋಡಿ, ಜಾತಕ ತೋರಿಸಿ, ಶನಿಯ ಕಾಟ ಅಂದಳು. ಗ್ರಹಶಾಂತಿಯ ಬಲಿಪೂಜೆ ಮಾಡಿಸಲೇಬೇಕು ಅಂತ ಹಟ ಹಿಡಿದು, ಖರ್ಚೆಲ್ಲ ತಾನೇ ವಹಿಸಿಕೊಂಡಳು. ಬಲಿಯ ಗುರು ಬಂದು, ಜಗುಲಿಯ ಎದುರಿಗೆ ಹಸಿಮಣ್ಣಿನಲ್ಲಿ ಆಳೆತ್ತರದ ಶನಿಯನ್ನು ತಿದ್ದಿ, ಬಣ್ಣ ಹಚ್ಚಿದ. ತೆಂಗಿನ ಗರಿಯ ತೋರಣ ಕಟ್ಟಿದರು. ರೋಗಿ ಆ ಮಣ್ಣಿನ ಮೂರ್ತಿಗೆ ಎದುರಾಗಿ ಕೂತು ಹೂವು ಕೊಡಬೇಕು, ಅವನ ದೋಷ ಅದಕ್ಕೆ ಹೋಗಬೇಕು, ಬೆಳಗಾದ ಮೇಲೆ ಮೂರ್ತಿಯನ್ನು ಒಡೆದು ಎಸೆಯಬೇಕು. ಶನಿಗೆ ನೀಲಿ ಹೂವೇ ಆಗಬೇಕು. ನೀಲಿ ಅಂದರೆ ನಮ್ಮಲ್ಲಿ ನೈದಿಲೆ.

ಬೆಳಿಗ್ಗೆಯೇ ಅಕ್ಕ ದೋಣಿಯ ಹಗ್ಗ ಬಿಚ್ಚುತ್ತಿದ್ದಳು. ಡಿಂಗಿರಿಅಮ್ಮ ಏರಿಯ ಮೇಲೆ ನಿಂತು ತಡೆದಳು.

"ನೀನು ಬೇಡ."

"ನಾನಲ್ಲದೆ ಯಾರು ಅತ್ತಿಗೆ? ಈ ಮನೆಯಲ್ಲಿ ಹೂವು ತರೋದು ನಾನೇ ಅಲ್ವಾ?"

"ತಂದಿದ್ದು ಸಾಕು. ನಿನ್ನ ಕೈಯಿಂದ ಇನ್ನು ಏನೂ ಬೇಡ. ನನ್ನ ಮಗ ತರ್ತಾನೆ."

ಅಕ್ಕ ಹಗ್ಗ ಕೆಳಗಿಟ್ಟಳು. ಡಿಂಗಿರಿಅಮ್ಮನ ಮಗ ದೋಣಿ ನಡೆಸಿ ಗೊತ್ತಿಲ್ಲದವನು, ದಡದ ಹತ್ತಿರ ಸಿಕ್ಕಿದ್ದಷ್ಟು ಕಿತ್ತು ತಂದ. ಇಡೀ ದಿನ ಅಕ್ಕ ಹಿತ್ತಲಿನಲ್ಲಿ ಒರಳುಕಲ್ಲಿನ ಮೇಲೆ ಕೂತಿದ್ದಳು. ಊರವರೆಲ್ಲ ಮುಂದಿನ ಅಂಗಳದಲ್ಲಿ ಸೇರಿದ್ದರು, ಅವಳನ್ನು ಯಾರೂ ಕರೆಯಲಿಲ್ಲ.

ಸಂಜೆ ಡೋಲು ಶುರುವಾಯಿತು. ಇಬ್ಬರು ಅಣ್ಣನನ್ನು ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದರು. ಬೆನ್ನಿಗೆ ದಿಂಬು. ಗುರು ಹೂವಿನ ತಟ್ಟೆ ಮುಂದಿಟ್ಟ. ಅಣ್ಣ ಒಂದು ಹೂವು ಎತ್ತಿ ನೋಡಿದ. ಎಸಳು ಮಡಿಸಿರಲಿಲ್ಲ, ದಂಟು ಮುರಿದಿತ್ತು.

"ಇದನ್ನ ಯಾರು ತಂದಿದ್ದು?" ಅಂದ.

"ಯಾರು ತಂದ್ರೇನು, ಕೊಡು," ಅಂದಳು ಡಿಂಗಿರಿಅಮ್ಮ.

"ಅವಳೆಲ್ಲಿ?"

ಡೋಲಿನವರು ಕೈ ನಿಲ್ಲಿಸಿದರು.

"ನಾನು ಶನಿಗೆ ಹೆದರಿ ಕೂತಿಲ್ಲ ಅಕ್ಕ. ನೀನು ಅಳ್ತೀಯ ಅಂತ ಕೂತಿದೀನಿ," ಅಂದ ಅಣ್ಣ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ನಮ್ಮಮ್ಮ ಸಾಯೋವಾಗ ಹೂವಿನ ದೋಣಿ ಅವಳ ಕೈಗೆ ಕೊಟ್ಟಳು. ನಿನಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಅವಳು ತಂದ ಹೂವು ಇದ್ರೆ ಕೂರ್ತೀನಿ. ಇಲ್ಲಾಂದ್ರೆ ಎತ್ತಿ ಒಳಗೆ ಹಾಕಿ."

ಡಿಂಗಿರಿಅಮ್ಮ ಮುಖ ತಿರುಗಿಸಿಕೊಂಡಳು. ನಾನು ಹಿತ್ತಲಿಗೆ ಓಡಿದೆ. ಅಕ್ಕ ಕೇಳಿಸಿಕೊಂಡಿದ್ದಳು, ಆಗಲೇ ಎದ್ದು ನಿಂತಿದ್ದಳು.

ನಾವಿಬ್ಬರೂ ದೋಣಿಯಲ್ಲಿ ಹೋದೆವು. ನೀಲಿ ನೈದಿಲೆ ಬಿಸಿಲಿಗೆ ಅರಳುವ ಹೂವು, ಆ ಹೊತ್ತಿಗೆ ಅರಳಿರುವುದಿಲ್ಲ. ಎಲ್ಲವೂ ಮುಷ್ಟಿ ಬಿಗಿ ಹಿಡಿದ ಹಾಗೆ ಮುಚ್ಚಿಕೊಂಡಿದ್ದವು. ಅವಳು ಮುಚ್ಚಿದವನ್ನೇ ಕಿತ್ತಳು. ವಾಪಸು ಬರುವಾಗ ನಾನು ಹುಟ್ಟು ಹಾಕಿದೆ, ಅವಳು ಮಡಿಲಲ್ಲಿ ಹೂವಿಟ್ಟುಕೊಂಡು ಒಂದೊಂದು ಎಸಳನ್ನೂ ಉಗುರು ತಾಗದ ಹಾಗೆ ಬಿಡಿಸಿದಳು. ನೀರಿನ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು.

ಅಂಗಳಕ್ಕೆ ಬಂದು ತಟ್ಟೆ ಅಣ್ಣನ ಮುಂದಿಟ್ಟಳು. ಅವನು ನೋಡಿದ. "ಹೂಂ, ಇದು ಹೂವು," ಅಂದ. ಬೆಳಗಿನ ತನಕ ದಿಂಬಿಗೊರಗಿ ಕೂತಿದ್ದ. ಮುಂಜಾನೆ ಮಣ್ಣಿನ ಶನಿಯನ್ನು ಒಡೆದು ಕಾಡಿನಂಚಿಗೆ ಎಸೆದು ಬಂದರು.

ಅದರಿಂದ ಗುಣವಾಯಿತೇ ಅಂದರೆ, ಆಗಲಿಲ್ಲ. ನಾಕು ದಿನ ನಿದ್ದೆ ಬಂತು ಅಷ್ಟೆ. ಆಮೇಲೆ ಅಣ್ಣ ಆಸ್ಪತ್ರೆಗೆ ಹೋಗುವುದಿಲ್ಲ ಅಂದುಬಿಟ್ಟ. ಬಾಯಿ ಕಹಿ, ಏನು ಕೊಟ್ಟರೂ ವಾಕರಿಕೆ. ಒಂದು ಮಧ್ಯಾಹ್ನ ನಾನು ಬುತ್ತಿ ತಗೊಂಡು ಹೋದಾಗ ಅವನು ಅವಳ ಹತ್ತಿರ ಕೇಳುತ್ತಿದ್ದ.

"ಒಂದು ಗೆಡ್ಡೆ ಬೇಯಿಸಿ ಕೊಡೇ. ತೆಂಗಿನ ತುರಿ ಹಾಕಿ. ಒಂದೇ ಒಂದು ತುಂಡು."

"ಕೊಡಲ್ಲ."

"ಬಾಯಿಗೆ ರುಚಿ ಅನ್ನೋದೇ ಮರೆತುಹೋಗಿದೆ. ಇನ್ನೇನು ಉಳಿದಿದೆ ಕೆಡೋದಕ್ಕೆ?"

"ಬೇರೆ ಏನಾದ್ರೂ ಕೇಳಿ. ಅದನ್ನ ಕೇಳಬೇಡಿ."

"ನಿನ್ನ ಕೈಯಿಂದ ಅಂತ ಕೇಳಿದೆ," ಅಂದ. ಮತ್ತೆ ಕೇಳಲಿಲ್ಲ. ಗೋಡೆ ಕಡೆಗೆ ಹೊರಳಿಕೊಂಡ. ಅವಳು ಹೊರಗೆ ಬಂದು ಕಂಬ ಹಿಡಿದುಕೊಂಡು ನಿಂತಳು. ಹುಣ್ಣಿಮೆ ಹತ್ತಿರ ಬಂದಿತ್ತು. ಅದಕ್ಕೂ ಮೊದಲೇ ಒಂದು ಬೆಳಿಗ್ಗೆ ಅಣ್ಣ ಹೋಗಿಬಿಟ್ಟ. ಮಾತಿಲ್ಲ, ನೀರು ಕೇಳಲಿಲ್ಲ. ಅವಳು ಬಾಗಿಲು ತೆಗೆದು ಬೆಳಕು ಬಿಟ್ಟು ತಿರುಗಿ ನೋಡಿದಾಗ ಉಸಿರಿರಲಿಲ್ಲ.

ಅಣ್ಣನ ಹೆಸರಿನಲ್ಲಿ ಏಳನೆಯ ದಿನ ಭಿಕ್ಷುಗಳಿಗೆ ಕೊಡುವ ದಾನ ಮುಗಿದ ಮೇಲೆ ರೈತಸಂಘದವರು ಸಭೆ ಸೇರಿ, ಕೆರೆಯ ನೈದಿಲೆಯನ್ನೆಲ್ಲ ತೆಗೆಯಬೇಕು ಅಂತ ತೀರ್ಮಾನ ಮಾಡಿದರು. ಕೈಯಲ್ಲಿ ಕೀಳುವುದು ಆಗದ ಕೆಲಸ. ಗದ್ದೆಗೆ ಹೊಡೆಯುವ ಕಳೆನಾಶಕ ಎಲ್ಲರ ಮನೆಯಲ್ಲೂ ಇತ್ತು. ಬೆನ್ನಿಗೆ ಸಿಂಪಡಿಸುವ ಡಬ್ಬ ಕಟ್ಟಿಕೊಂಡು ಗಂಡಸರು ದೋಣಿ ಹತ್ತಿದರು. ಸ್ವಾಮಿಗಳು ಏರಿಯ ತನಕ ಬಂದು, "ಯಾರು ಕುಡಿಯೋ ನೀರಪ್ಪ ಇದು?" ಅಂತ ಕೇಳಿದರು. ವಿಮಲದಾಸ ಬಗ್ಗಿ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ, ಎದ್ದು, ದೋಣಿ ತಳ್ಳಿದ.

ಅಕ್ಕ ನನ್ನ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದಳು. ಸಂಜೆ ವಿಮಲದಾಸ ಕೈ ತೊಳೆಯಲು ನೀರು ಕೇಳಿಕೊಂಡು ಬಂದ. ಅವಳನ್ನು ಕಂಡು ನಿಂತ.

"ನಿನ್ನ ಮೇಲೆ ದ್ವೇಷಕ್ಕೆ ಮಾಡಿಲ್ಲ," ಅಂದ.

"ಗೊತ್ತು."

"ತಿಲಕ ದಿನಾ ಕನಸಲ್ಲಿ ಬರ್ತಾನೆ. ನಾನು ಏನಾದ್ರೂ ಮಾಡಬೇಕಿತ್ತು."

"ಗೊತ್ತು ಅಂದ್ನಲ್ಲ," ಅಂತ ಅವಳೇ ಚೊಂಬು ಎತ್ತಿ ಅವನ ಕೈಗೆ ನೀರು ಹೊಯ್ದಳು.

ಎಲೆಗಳು ಅಂಚಿನಿಂದ ಕಂದಿ, ಸುರುಟಿ, ಒಂದು ವಾರದಲ್ಲಿ ಕೆರೆಯೆಲ್ಲ ಕೊಳೆತ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಮೀನು ಹೊಟ್ಟೆ ಮೇಲಾಗಿ ತೇಲಿದವು. ಆ ವಾಸನೆಗೆ ನನ್ನ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಹುಣ್ಣಿಮೆಗೆ ಬುದ್ಧನ ಮುಂದೆ ಅಂಗಳದ ಸಂಪಿಗೆ ಇಟ್ಟರು. ಕೆರೆಯ ಪಕ್ಕದ ಬಾವಿಗಳಿಂದ ಜನ ಮೊದಲಿನ ಹಾಗೇ ನೀರು ಸೇದಿ ಕುಡಿದರು. ಬೇರೆ ಬಾವಿ ಎಲ್ಲಿದೆ?

ಇನೋಕಾ ಮಿಸ್ ಮತ್ತೆ ಬಂದಿದ್ದು ಮುಂದಿನ ಸುಗ್ಗಿಗೆ. ಜೀಪು ಏರಿಯ ಮೇಲೆ ನಿಂತಿತು. ಅವರು ಇಳಿದು ನೀರಿನ ಅಂಚಿನ ತನಕ ಹೋಗಿ ಕೆರೆ ನೋಡಿ ಬಂದರು. ಆಮೇಲೆ ನನ್ನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದರು. ಕುರ್ಚಿ ಹಾಕಿದರೂ ಚಾಪೆಯ ಮೇಲೇ ಕೂತರು.

"ಅಕ್ಕಾ, ಊರವರಿಗೆ ಸಂಜೆ ಹೇಳ್ತೀನಿ. ನಿಮಗೆ ಮೊದಲು ಹೇಳಬೇಕು ಅನಿಸ್ತು. ಆಮೇಲೆ ನಾವು ತುಂಬಾ ಕೆರೆಗಳ ಗೆಡ್ಡೆ ನೋಡಿದ್ವಿ. ಕಾಯಿಲೆನೇ ಇಲ್ಲದ ಊರುಗಳದ್ದೂ ನೋಡಿದ್ವಿ. ಅಲ್ಲೂ ಅಷ್ಟೇ ಲೋಹ ಇದೆ. ಅಲ್ಲಿನೋರೂ ತಿಂತಾರೆ. ಗೆಡ್ಡೆ ಮುಟ್ಟದೇ ಇರೋ ಊರಲ್ಲೂ ಕಾಯಿಲೆ ಇದೆ. ಇದು ಗೆಡ್ಡೆಯಿಂದ ಬಂದಿದ್ದಲ್ಲ ಅಂತ ಕಾಣುತ್ತೆ."

"ಮತ್ತೆ ಯಾವುದರಿಂದ?"

"ಗೊತ್ತಿಲ್ಲ ಅಕ್ಕ. ನೀರಿರಬಹುದು, ಬಿಸಿಲಿರಬಹುದು, ಗದ್ದೆಗೆ ಹಾಕೋದಿರಬಹುದು. ಎಲ್ಲ ಸೇರಿರಬಹುದು. ನನಗೆ ಗೊತ್ತಿಲ್ಲ."

ಅಕ್ಕ ತಲೆ ತಗ್ಗಿಸಿ ಚಾಪೆಯ ಎಳೆ ಎಳೆಯುತ್ತಿದ್ದಳು. ಎದೆಯ ಭಾರ ಇಳಿದು ಅಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ.

"ಮಿಸ್, ಒಂದು ಕೇಳ್ತೀನಿ. ಕೊನೇಲಿ ಅವರು ಒಂದು ತುಂಡು ಗೆಡ್ಡೆ ಕೇಳಿದ್ರು. ಕೊಡಬಹುದಿತ್ತಾ?"

ಮಿಸ್ ಸುಳ್ಳು ಹೇಳಲಿಲ್ಲ, ಅದೊಂದನ್ನು ಮೆಚ್ಚಬೇಕು. "ಆ ಹೊತ್ತಲ್ಲಿ ಒಂದು ತುಂಡಿಗೆ ಏನೂ ಆಗ್ತಿರಲಿಲ್ಲ ಅಕ್ಕ," ಅಂದರು.

"ತುಂಬಾ ಆಸೆಯಿಂದ ಕೇಳಿದ್ರು," ಅಂದಳು ಅಕ್ಕ. "ನಾನು ಕೊಡಲಿಲ್ಲ."

"ನಾನು ತಿನ್ನಬೇಡಿ ಅಂದಿದ್ದಕ್ಕೆ ನೀವು ಕೊಡಲಿಲ್ಲ. ನನ್ನನ್ನ ಬೈರಿ."

"ನಿಮ್ಮನ್ನ ಬೈದು ಏನು ಮಾಡ್ಲಿ? ನಿಮಗೆ ಗೊತ್ತಿದ್ದಷ್ಟು ನೀವು ಹೇಳಿದ್ರಿ."

ಹೊರಡುವ ಮೊದಲು ಮಿಸ್ ಅವಳ ರಕ್ತ ತಗೊಂಡರು. ಊರಲ್ಲಿ ಎಲ್ಲರದ್ದೂ ತಗೊಂಡರು, ನನ್ನದೂ ಸೇರಿ. ನನ್ನದು ಸರಿ ಇತ್ತು. ಅಕ್ಕನದು ಸರಿ ಇರಲಿಲ್ಲ. ಶುರುವಾಗಿದೆ, ಬೇಗ ಸಿಕ್ಕಿದೆ, ಔಷಧಿ ತಗೊಂಡರೆ ಹಲವು ವರ್ಷ ನೂಕಬಹುದು ಅಂದರು. ಸುದ್ದಿ ಕೇಳಿ ಅವಳು, "ಹೂಂ," ಅಂದಳು ಅಷ್ಟೆ. ಬಹಳ ದಿನಗಳ ಮೇಲೆ ಅವತ್ತು ಒಲೆ ಹಚ್ಚಿ ತನಗೊಬ್ಬಳಿಗೆ ಅನ್ನ ಮಾಡಿಕೊಂಡಳು.

ಈಗ ಮಂಗಳವಾರಗಳಂದು ಅಂಗಡಿ ಮುಚ್ಚಿ ಅವಳ ಜೊತೆ ಪಟ್ಟಣಕ್ಕೆ ಹೋಗುತ್ತೇನೆ. ಅವತ್ತಿನ ಬಸ್ಸಿನಲ್ಲಿ ಅರ್ಧ ಜನ ಅದೇ ಆಸ್ಪತ್ರೆಗೆ ಹೋಗುವವರು. ಹೋದ ವಾರ ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ವಿಮಲದಾಸ ಕೂತಿದ್ದ. ಮುಖ ಊದಿಕೊಂಡಿತ್ತು, ಕಾಲಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದ. ಅಕ್ಕನನ್ನು ಕಂಡು ಎದ್ದು ನಿಲ್ಲಲು ಹೋದ.

"ಕೂತ್ಕೋ," ಅಂದಳು ಅಕ್ಕ.

ಅವನು ಕಿಟಕಿಯ ಕಡೆಗೆ ಒತ್ತಿಕೊಂಡು ಜಾಗ ಮಾಡಿದ. ಅವಳು ಅವನ ಪಕ್ಕದಲ್ಲಿ ಕೂತಳು.